ಇಂಟರ್ನ್‌ಶಿಪ್ ಹುಡುಕಾಟ ಕಠಿಣವಾಗುವುದು ಎಲ್ಲಿ?

ಪದವಿಯ ಎರಡನೆಯ ಅಥವಾ ಮೂರನೆಯ ವರ್ಷಕ್ಕೆ ಬಂದ ವಿದ್ಯಾರ್ಥಿಗಳ ಪಾಲಿಗೆ ಇಂಟರ್ನ್‌ಶಿಪ್ ಈಗ ಇದ್ದರೂ ಆದೀತು, ಇಲ್ಲದಿದ್ದರೂ ನಡೆದೀತು ಎನ್ನುವಂಥ ಸಂಗತಿಯಾಗಿ ಉಳಿದಿಲ್ಲ. ಅನೇಕ ವಿಶ್ವವಿದ್ಯಾಲಯಗಳು ಅದನ್ನು ಪಠ್ಯಕ್ರಮದೊಳಗೆ ತಂದಿವೆ. ಹೊಸಬರಿಗೆಂದೇ ಮೀಸಲಾದ ಹುದ್ದೆಗಳಿಗೂ ಉದ್ಯೋಗದಾತರು ಅನುಭವವನ್ನು ಕೇಳುತ್ತಿದ್ದಾರೆ. ಆದರೆ ಅವಕಾಶವನ್ನು ಹುಡುಕಿಕೊಳ್ಳುವ ಹೊಣೆ ಮಾತ್ರ ಬಹುತೇಕ ಕಡೆ ವಿದ್ಯಾರ್ಥಿಯ ಹೆಗಲ ಮೇಲೆಯೇ ಇದೆ. ಹತ್ತಾರು ಪೋರ್ಟಲ್‌ಗಳಲ್ಲಿ ಅರ್ಜಿ ಹಾಕಿ, ವಾರಗಟ್ಟಲೆ ಕಾದು, ಒಂದು ಉತ್ತರವೂ ಬಾರದಿದ್ದಾಗ ಆ ವಿದ್ಯಾರ್ಥಿಗೆ ಮೊದಲು ಅನುಮಾನ ಬರುವುದು ತನ್ನ ಮೇಲೆಯೇ. ಅಂಕ ಸಾಲದಾಯಿತೇನೋ, ಇಂಗ್ಲಿಷ್ ಸರಿಯಿರಲಿಲ್ಲವೇನೋ, ಕಾಲೇಜಿನ ಹೆಸರು ದೊಡ್ಡದಲ್ಲವೇನೋ ಎಂಬ ಯೋಚನೆಗಳು ಒಂದರ ಹಿಂದೊಂದು ಬರುತ್ತವೆ. ಇವು ಪೂರ್ತಿ ಸುಳ್ಳಲ್ಲ, ಆದರೆ ಮುಖ್ಯ ಕಾರಣಗಳೂ ಅಲ್ಲ. ಜಾಗಗಳು ಎಷ್ಟು ಹುಟ್ಟುತ್ತವೆ, ಯಾವ ತಿಂಗಳಲ್ಲಿ ಹುಟ್ಟುತ್ತವೆ, ಅವುಗಳ ಸುದ್ದಿ ಯಾರ ಮೂಲಕ ಹರಡುತ್ತದೆ, ಅಷ್ಟು ದಿನಗಳ ಖರ್ಚನ್ನು ಯಾರು ಹೊರುತ್ತಾರೆ ಎಂಬ ನಾಲ್ಕು ಪ್ರಶ್ನೆಗಳು, ವಿದ್ಯಾರ್ಥಿ ಅರ್ಜಿ ಬರೆಯಲು ಕೂರುವ ಮೊದಲೇ ಫಲಿತಾಂಶದ ಬಹುಭಾಗವನ್ನು ನಿರ್ಧರಿಸಿಬಿಟ್ಟಿರುತ್ತವೆ. ಈ ವ್ಯವಸ್ಥೆಯನ್ನು ಅರಿತು ಹುಡುಕುವವರ ಶ್ರಮ ವ್ಯರ್ಥವಾಗುವುದು ಕಡಿಮೆ.

ಇಂಟರ್ನ್‌ಶಿಪ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸಂಗತಿಗಳು ನಡೆಯುತ್ತವೆ. ಮೊದಲನೆಯದು ಶಿಕ್ಷಣ: ತರಗತಿಯಲ್ಲಿ ಕಲಿತದ್ದನ್ನು ಕೆಲಸದ ಜಾಗದಲ್ಲಿ ಪ್ರಯೋಗಿಸಿ ನೋಡುವುದು, ಅದಕ್ಕೆ ಒಬ್ಬ ಮಾರ್ಗದರ್ಶಕರು ಇರುವುದು, ಕೊನೆಯಲ್ಲಿ ಮೌಲ್ಯಮಾಪನ ಆಗುವುದು. ಎರಡನೆಯದು ನೇಮಕಾತಿ: ಮುಂದಿನ ವರ್ಷ ಕೆಲಸಕ್ಕೆ ತೆಗೆದುಕೊಳ್ಳಬೇಕಾದವರನ್ನು ಎಂಟು ಹತ್ತು ವಾರ ಹತ್ತಿರದಿಂದ ಪರೀಕ್ಷಿಸುವುದು. ಮೂರನೆಯದು ದುಡಿಮೆ: ಸಂಸ್ಥೆಯಲ್ಲಿ ಆಗಬೇಕಾದ ಕೆಲಸವನ್ನು ಕಡಿಮೆ ಹಣಕ್ಕೆ, ಕೆಲವೊಮ್ಮೆ ಹಣವನ್ನೇ ಕೊಡದೆ ಮಾಡಿಸಿಕೊಳ್ಳುವುದು. ಜಾಹೀರಾತಿನ ಭಾಷೆಯಲ್ಲಿ ಈ ಮೂರಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಎಲ್ಲದರಲ್ಲೂ ‘ಕಲಿಯುವ ಅವಕಾಶ’ ಎಂಬ ಮಾತು ಇದ್ದೇ ಇರುತ್ತದೆ. ಆದರೆ ಮೂರಕ್ಕೂ ಅರ್ಜಿ ಹಾಕುವ ಕಾಲ ಬೇರೆ, ತಲುಪಬೇಕಾದ ವ್ಯಕ್ತಿ ಬೇರೆ, ಕೊನೆಯಲ್ಲಿ ಕೈಗೆ ಸಿಗುವುದೂ ಬೇರೆ. ತಾನು ಹುಡುಕುತ್ತಿರುವುದು ಯಾವುದನ್ನು, ತನಗೆ ಕೊಡಲು ಮುಂದಾಗಿರುವುದು ಯಾವುದನ್ನು ಎಂಬ ಸ್ಪಷ್ಟತೆ ಇಲ್ಲದೆ ನಡೆಯುವ ಹುಡುಕಾಟ ಹೆಚ್ಚಾಗಿ ದಣಿವಿನಲ್ಲಿ ಮುಗಿಯುತ್ತದೆ.

ಈ ಕಲ್ಪನೆ ಶಿಕ್ಷಣದ ಭಾಗವಾಗಿಯೇ ಬೆಳೆದದ್ದು ಎಂಬುದನ್ನು ಇಲ್ಲಿ ನೆನೆಯಬೇಕು. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು ವಿದ್ಯಾರ್ಥಿಗಳು ಸ್ವಲ್ಪ ಕಾಲ ತರಗತಿಯಲ್ಲಿ, ಸ್ವಲ್ಪ ಕಾಲ ಕಾರ್ಖಾನೆಯಲ್ಲಿ ಸರದಿಯಂತೆ ಕಳೆಯುವ ಸಹಕಾರಿ ಶಿಕ್ಷಣ ಪದ್ಧತಿಯನ್ನು ಆರಂಭಿಸಿದರು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಲ್ಲಿ ಆರಂಭವಾದದ್ದೇ ಈ ಪದ್ಧತಿಯ ಎಂಜಿನಿಯರಿಂಗ್ ಶಿಕ್ಷಣದೊಂದಿಗೆ. ಅಲ್ಲಿ ಇಂದಿಗೂ ಓದಿನ ಅವಧಿ ಮತ್ತು ಕೆಲಸದ ಅವಧಿ ಸರದಿಯಲ್ಲಿ ಬರುತ್ತವೆ. ಸಂಸ್ಥೆಗಳನ್ನು ಕರೆತರುವ, ಹುದ್ದೆಗಳನ್ನು ಪರಿಶೀಲಿಸಿ ಪ್ರಕಟಿಸುವ, ಸಂದರ್ಶನಗಳನ್ನು ಏರ್ಪಡಿಸುವ ಕೆಲಸವನ್ನು ವಿಶ್ವವಿದ್ಯಾಲಯವೇ ಮಾಡುತ್ತದೆ. ಸಂದರ್ಶನ ಮುಗಿದ ಮೇಲೆ ಸಂಸ್ಥೆಗಳು ವಿದ್ಯಾರ್ಥಿಗಳನ್ನೂ, ವಿದ್ಯಾರ್ಥಿಗಳು ಸಂಸ್ಥೆಗಳನ್ನೂ ತಮ್ಮ ಇಷ್ಟದ ಕ್ರಮದಲ್ಲಿ ಗುರುತಿಸುತ್ತಾರೆ, ಎರಡನ್ನೂ ತಾಳೆ ಹಾಕಿ ಹಂಚಿಕೆಯಾಗುತ್ತದೆ. ಇಂಟರ್ನ್‌ಶಿಪ್ ಜಗತ್ತಿನ ಎಲ್ಲೆಡೆ ಹರಡಿತು, ಆದರೆ ಅದರ ಬೆನ್ನಿಗಿದ್ದ ಈ ಹೊಣೆಗಾರಿಕೆ ಅದರ ಜೊತೆ ಹರಡಲಿಲ್ಲ. ಇಂದಿನ ತೊಂದರೆಯ ಮೂಲ ಇಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಜಾಗಗಳು ಹುಟ್ಟುವ ಬಗೆಯನ್ನು ಸಂಸ್ಥೆಯ ಕಡೆಯಿಂದ ನೋಡಿದರೆ ಹಲವು ಸಂಗತಿಗಳು ತಿಳಿಯಾಗುತ್ತವೆ. ಒಬ್ಬ ಇಂಟರ್ನ್ ಬಂದರೆ ಸಂಸ್ಥೆಗೆ ಆಗುವ ದೊಡ್ಡ ವೆಚ್ಚ ಸ್ಟೈಪೆಂಡ್ ಅಲ್ಲ, ಅನುಭವಿ ನೌಕರರ ಸಮಯ. ಹೊಸಬರಿಗೆ ಕೆಲಸ ವಿವರಿಸಬೇಕು, ಮಾಡಿದ್ದನ್ನು ತಿದ್ದಬೇಕು, ಗೌಪ್ಯ ಮಾಹಿತಿಯ ವಿಷಯದಲ್ಲಿ ಎಚ್ಚರ ವಹಿಸಬೇಕು; ಅವರು ಕೆಲಸಕ್ಕೆ ಒದಗುವಷ್ಟು ಪಳಗುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ಆದ್ದರಿಂದ ದೊಡ್ಡ ಸಂಸ್ಥೆಗಳು ಈ ವೆಚ್ಚವನ್ನು ಮುಂದಿನ ನೇಮಕಾತಿಯ ಮೇಲಿನ ಹೂಡಿಕೆಯೆಂದು ಎಣಿಸುತ್ತವೆ. ಅಲ್ಲಿ ಈ ವರ್ಷದ ಇಂಟರ್ನ್‌ಗಳ ಸಂಖ್ಯೆ ಮುಂದಿನ ವರ್ಷದ ಖಾಲಿ ಹುದ್ದೆಗಳ ಅಂದಾಜಿಗೆ ಅಂಟಿಕೊಂಡಿರುತ್ತದೆ, ನೇಮಕಾತಿ ನಿಂತ ವರ್ಷ ಇಂಟರ್ನ್‌ಶಿಪ್‌ಗಳೂ ಇಳಿಯುತ್ತವೆ. 2020ರ ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ, ಆಗಲೇ ಆಯ್ಕೆಯಾಗಿದ್ದವರ ಅವಕಾಶಗಳು ಕೂಡ ಒಂದೊಂದಾಗಿ ರದ್ದಾದವು. ಇತ್ತ ಚಿಕ್ಕ ಸಂಸ್ಥೆಗಳಲ್ಲಿ ಕೆಲಸ ಬೇಕಾದಷ್ಟು ಇರುತ್ತದೆ, ಕಲಿಸುವ ಪುರುಸೊತ್ತು ಇರುವುದಿಲ್ಲ. ಅವು ಜಾಹೀರಾತು ಕೊಡುವುದೂ ಅಪರೂಪ, ಏಕೆಂದರೆ ಬಂದು ಬೀಳುವ ಅರ್ಜಿಗಳನ್ನು ಓದಲು ಅಲ್ಲಿ ಯಾರೂ ಇಲ್ಲ. ಹೀಗಾಗಿ ಪೋರ್ಟಲ್‌ಗಳಲ್ಲಿ ಕಾಣುವುದು ಒಟ್ಟು ಅವಕಾಶಗಳ ಒಂದು ಭಾಗ ಮಾತ್ರ, ಅದೂ ಸ್ಪರ್ಧೆ ಅತಿ ಹೆಚ್ಚಿರುವ ಭಾಗ. ಉಳಿದದ್ದು ಯಾರಾದರೂ ಕೇಳುವವರೆಗೆ ಹುದ್ದೆಯ ರೂಪವನ್ನೇ ಪಡೆದಿರುವುದಿಲ್ಲ.

ಕಾಲದ ಲೆಕ್ಕ ತಪ್ಪುವುದರಿಂದಾಗುವ ನಷ್ಟ ದೊಡ್ಡದು, ಆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡ ತಂತ್ರಜ್ಞಾನ ಸಂಸ್ಥೆಗಳು, ಬ್ಯಾಂಕುಗಳು, ಸಲಹಾ ಸಂಸ್ಥೆಗಳು ಮುಂದಿನ ಬೇಸಿಗೆಯ ಇಂಟರ್ನ್‌ಗಳನ್ನು ಹಿಂದಿನ ವರ್ಷದ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೇ ಹುಡುಕಲು ಆರಂಭಿಸುತ್ತವೆ. ಹೂಡಿಕೆ ಬ್ಯಾಂಕಿಂಗ್ ಕ್ಷೇತ್ರದಲ್ಲಿ ಇದು ಒಂದು ವರ್ಷಕ್ಕೂ ಹಿಂದೆ ಸರಿದಿದೆ. ಸಂಶೋಧನಾ ಸಂಸ್ಥೆಗಳ ಬೇಸಿಗೆ ಕಾರ್ಯಕ್ರಮಗಳ ಅರ್ಜಿಗಳು ಚಳಿಗಾಲದಲ್ಲೇ ಮುಗಿಯುವುದು ಸಾಮಾನ್ಯ. ಸ್ವಯಂಸೇವಾ ಸಂಸ್ಥೆಗಳು, ಪತ್ರಿಕಾ ಕಚೇರಿಗಳು, ಚಿಕ್ಕ ಕಂಪನಿಗಳು ಮಾತ್ರ ಒಂದೆರಡು ತಿಂಗಳ ಮುಂಚೆ ಯೋಚಿಸುತ್ತವೆ. ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದುಕೊಂಡ ವಿದ್ಯಾರ್ಥಿಗೆ ಮೊದಲೆರಡು ಗುಂಪಿನ ಬಾಗಿಲು ಆಗಲೇ ಮುಚ್ಚಿರುತ್ತದೆ. ಮನೆಯಲ್ಲಿ ಅಣ್ಣನೋ ಅಕ್ಕನೋ ಈ ಹಾದಿಯಲ್ಲಿ ನಡೆದಿದ್ದರೆ ಈ ಮಾಹಿತಿ ಊಟದ ಹೊತ್ತಿನ ಮಾತಿನಲ್ಲೇ ಸಿಕ್ಕಿರುತ್ತಿತ್ತು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಿಗೆ ಅದು ಯಾರೂ ಹೇಳದ ಮಾಹಿತಿ. ಇಬ್ಬರ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲದಿದ್ದರೂ ಒಬ್ಬರು ಒಂದು ವರ್ಷ ಹಿಂದೆ ಬೀಳುವುದು ಹೀಗೆ.

ಇದರಿಂದಲೇ ಪರಿಚಯದ ಪ್ರಶ್ನೆ ಎದುರಾಗುತ್ತದೆ. ಪರಿಚಯವೆಂದರೆ ವಶೀಲಿ ಎಂದು ತಿಳಿದು ಸ್ವಾಭಿಮಾನಿ ವಿದ್ಯಾರ್ಥಿಗಳು ಅದರಿಂದ ದೂರ ಉಳಿಯುವುದುಂಟು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಮಂಡಿಸಿದ ವಿಚಾರ ಈ ತಿಳಿವಳಿಕೆಯನ್ನು ತಿದ್ದುತ್ತದೆ. ಕೆಲಸದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ದೂರದ ಪರಿಚಿತರಿಂದ ಬರುತ್ತದೆ ಎಂಬುದು ಆ ವಿಚಾರದ ತಿರುಳು. ಕಾರಣ ಸರಳವಾಗಿದೆ: ಆಪ್ತ ಗೆಳೆಯರಿಗೆ ಗೊತ್ತಿರುವುದು ಬಹುತೇಕ ನಮಗೂ ಗೊತ್ತಿರುವುದೇ, ಬೇರೊಂದು ವಲಯದಲ್ಲಿ ಬದುಕುವ, ವರ್ಷಕ್ಕೊಮ್ಮೆ ಮಾತಾಡುವ ವ್ಯಕ್ತಿಯ ಬಳಿ ಹೊಸ ಸುದ್ದಿ ಇರುತ್ತದೆ. 2022ರಲ್ಲಿ ಪ್ರಕಟವಾದ, ಲಿಂಕ್ಡ್‌ಇನ್ ಜಾಲದ ಸುಮಾರು 2 ಕೋಟಿ ಬಳಕೆದಾರರನ್ನು ಒಳಗೊಂಡ ಅಧ್ಯಯನವೊಂದು ಈ ಮಾತನ್ನು ಪ್ರಯೋಗದ ಮೂಲಕ ಪರೀಕ್ಷಿಸಿ, ತೀರಾ ಆಪ್ತವೂ ಅಲ್ಲದ, ತೀರಾ ದೂರವೂ ಅಲ್ಲದ ಸಂಬಂಧಗಳು ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾಗುತ್ತವೆಂದು ಕಂಡುಕೊಂಡಿತು. ವಿದ್ಯಾರ್ಥಿಯ ಬದುಕಿನಲ್ಲಿ ಅಂಥವರು ಯಾರು? ಎರಡು ವರ್ಷ ಹಿಂದೆ ಪದವಿ ಮುಗಿಸಿ ಹೋದ ಹಿರಿಯ ವಿದ್ಯಾರ್ಥಿನಿ, ಅತಿಥಿ ಉಪನ್ಯಾಸಕ್ಕೆ ಬಂದುಹೋದ ಎಂಜಿನಿಯರ್, ಪ್ರಯೋಗಾಲಯದ ಉಪಕರಣ ದುರಸ್ತಿಗೆ ಬರುವ ತಂತ್ರಜ್ಞ, ಪ್ರಾಧ್ಯಾಪಕರ ಹಳೆಯ ಸಹಪಾಠಿ. ಇವರಲ್ಲಿ ಕೇಳಬೇಕಾದದ್ದು ‘ಒಂದು ಇಂಟರ್ನ್‌ಶಿಪ್ ಕೊಡಿಸಿ’ ಎಂದಲ್ಲ. ನಿಮ್ಮ ಕಚೇರಿಯಲ್ಲಿ ವಿದ್ಯಾರ್ಥಿಗಳನ್ನು ಯಾವ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಯಾವಾಗ ತೆಗೆದುಕೊಳ್ಳುತ್ತಾರೆ, ನಿರ್ಧರಿಸುವವರು ಯಾರು ಎಂದು ಕೇಳಿದರೆ ಎದುರಿಗಿರುವವರಿಗೆ ಮುಜುಗರವಾಗುವುದಿಲ್ಲ, ಕೇಳಿದವರಿಗೂ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ಪರಿಚಯವೇ ಇಲ್ಲದ ಕಡೆ ಬರೆಯುವ ಪತ್ರದ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೀರಿನ ಗುಣಮಟ್ಟ ಪರೀಕ್ಷಿಸುವ ಒಂದು ಪ್ರಯೋಗಾಲಯಕ್ಕೆ ಸಂಖ್ಯಾಶಾಸ್ತ್ರ ಓದುವ ವಿದ್ಯಾರ್ಥಿಯೊಬ್ಬರು ಬರೆಯುತ್ತಾರೆಂದು ಭಾವಿಸಿ. ಸಾಮಾನ್ಯವಾಗಿ ಅಂಥ ಪತ್ರ ಹೀಗಿರುತ್ತದೆ: ‘ಮಾನ್ಯರೇ, ನಾನು ಶ್ರಮಜೀವಿಯೂ ಹೊಸತನ್ನು ಕಲಿಯಲು ಉತ್ಸುಕನೂ ಆಗಿದ್ದು, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಲು ಬಯಸುತ್ತೇನೆ. ನನ್ನ ರೆಸ್ಯೂಮೆ ಲಗತ್ತಿಸಿದ್ದೇನೆ.’ ಇದರಲ್ಲಿ ತಪ್ಪು ಎನ್ನುವಂಥದ್ದು ಏನೂ ಇಲ್ಲ, ಆದರೆ ಓದಿದವರು ಮಾಡಬಹುದಾದದ್ದೂ ಏನೂ ಇಲ್ಲ. ಈ ವಿದ್ಯಾರ್ಥಿಗೆ ಯಾವ ಕೆಲಸ ಕೊಡಬಹುದೆಂದು ಯೋಚಿಸುವ ಹೊರೆಯನ್ನೆಲ್ಲ ಪತ್ರ ಓದುವವರ ಮೇಲೆ ಹಾಕಿದೆ. ಅದೇ ವಿದ್ಯಾರ್ಥಿ ಹೀಗೆ ಬರೆದರೆ: ‘ಮಾನ್ಯರೇ, ನೀವು ಪ್ರಕಟಿಸುವ ಮಾಸಿಕ ಕೋಷ್ಟಕಗಳನ್ನು ನೋಡಿದೆ. ಮಳೆಗಾಲದ ತಿಂಗಳುಗಳಲ್ಲಿ ಕೆಲವು ಮಾದರಿ ಕೇಂದ್ರಗಳ ಅಂಕಿಗಳು ಬಿಟ್ಟುಹೋಗಿವೆ. ಹೀಗೆ ಬಿಟ್ಟುಹೋದ ಅಂಕಿಗಳನ್ನು ನಿಭಾಯಿಸುವ ವಿಧಾನಗಳನ್ನು ಈ ಸೆಮಿಸ್ಟರ್‌ನಲ್ಲಿ ಓದಿದ್ದೇನೆ. ನಿಮ್ಮ ಒಂದು ವರ್ಷದ ಕೋಷ್ಟಕವನ್ನು ತೆಗೆದುಕೊಂಡು ಮಾಡಿದ ಎರಡು ಪುಟದ ಟಿಪ್ಪಣಿಯನ್ನು ಲಗತ್ತಿಸಿದ್ದೇನೆ. ಜೂನ್ ಮತ್ತು ಜುಲೈ ತಿಂಗಳಲ್ಲಿ ಎಂಟು ವಾರ ನಿಮ್ಮ ದತ್ತಾಂಶ ವಿಭಾಗದಲ್ಲಿ ಈ ಕೆಲಸವನ್ನು ಮುಂದುವರಿಸಲು ಸಾಧ್ಯವೇ ಎಂದು ಹತ್ತು ನಿಮಿಷ ಮಾತನಾಡಬಹುದೇ?’ ಎರಡನೆಯ ಪತ್ರ ಸ್ವೀಕರಿಸುವವರ ಕೆಲಸವನ್ನು ಕಡಿಮೆ ಮಾಡಿದೆ: ಕೆಲಸ ಯಾವುದು, ಅವಧಿ ಎಷ್ಟು, ಯಾವ ವಿಭಾಗ, ಮುಂದಿನ ಹೆಜ್ಜೆ ಏನು ಎಂಬುದೆಲ್ಲ ಅದರಲ್ಲೇ ಇದೆ. ಇಂಥ ಪತ್ರ ಬರೆಯಲು ಅರ್ಧ ದಿನವೋ ಒಂದು ದಿನವೋ ಬೇಕು. ಒಂದು ಸಂಜೆಯಲ್ಲಿ ಐವತ್ತು ಕಡೆ ಕಳಿಸುವ ಪತ್ರಗಳ ಬದಲು ಒಂದು ತಿಂಗಳಲ್ಲಿ ಇಂಥ ಹತ್ತು ಪತ್ರಗಳನ್ನು ಕಳಿಸುವುದೇ ಲೇಸು. ಉತ್ತರ ಬಾರದಿದ್ದರೂ ಆ ಎರಡು ಪುಟದ ಟಿಪ್ಪಣಿ ಉಳಿಯುತ್ತದೆ. ಮುಂದಿನ ಅರ್ಜಿಗೆ ಅದೇ ಸಾಕ್ಷಿಯಾಗುತ್ತದೆ.

ದೊಡ್ಡ ಸಂಸ್ಥೆಗಳ ವಿಷಯದಲ್ಲಿ ಮೊದಲ ಸುತ್ತಿನಲ್ಲೇ ಮನುಷ್ಯರ ಕಣ್ಣಿಗೆ ಅರ್ಜಿ ಬೀಳುವುದೆಂದು ಹೇಳಲಾಗದು. ಅರ್ಜಿಗಳನ್ನು ಸಂಗ್ರಹಿಸಿ, ವಿಂಗಡಿಸಿ, ಬೇಕಾದ ಪದಗಳಿಂದ ಹುಡುಕಿ ತೆಗೆಯುವ ತಂತ್ರಾಂಶ ನಡುವೆ ಇರುತ್ತದೆ. ಆದ್ದರಿಂದ ರೆಸ್ಯೂಮೆ ಒಂದೇ ಪುಟದಲ್ಲಿ, ಚಿತ್ರ ಮತ್ತು ಕೋಷ್ಟಕಗಳ ಅಲಂಕಾರವಿಲ್ಲದೆ, ಹುದ್ದೆಯ ವಿವರಣೆಯಲ್ಲಿ ಬಳಸಿದ ಪದಗಳನ್ನೇ ನಿಜವಾಗಿ ಅನ್ವಯಿಸುವ ಕಡೆ ಬಳಸಿಕೊಂಡು ಇರುವುದು ಒಳ್ಳೆಯದು. ಇಷ್ಟು ಸಾಕು, ಈ ವಿಷಯದಲ್ಲಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದರಿಂದ ಹೆಚ್ಚಿನ ಲಾಭವಿಲ್ಲ.

ಇದಕ್ಕಿಂತ ಗಂಭೀರವಾದ ಬದಲಾವಣೆ ಬಂದಿರುವುದು ಕೃತಕ ಬುದ್ಧಿಮತ್ತೆಯಿಂದ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕವರ್ ಲೆಟರ್ ಬರೆಯುವ ಶ್ರಮ ಇಲ್ಲವಾಯಿತು, ಅದರೊಂದಿಗೇ ಆ ಪತ್ರದ ಬೆಲೆಯೂ ಹೋಯಿತು. ಎಲ್ಲರ ಪತ್ರವೂ ಒಂದೇ ನಯದಲ್ಲಿ, ಒಂದೇ ಲಯದಲ್ಲಿ ಇರುವಾಗ ಓದುವವರು ಪತ್ರವನ್ನು ಬಿಟ್ಟು ಬೇರೆ ಪುರಾವೆಯನ್ನು ಕೇಳುತ್ತಾರೆ. ಎರಡನೆಯ ಪರಿಣಾಮ ಇನ್ನೂ ಆಳವಾದದ್ದು. ದಾಖಲೆಗಳನ್ನು ಸಂಕ್ಷೇಪಿಸುವುದು, ಸರಳ ಕೋಡ್ ಬರೆಯುವುದು, ಪ್ರಾಥಮಿಕ ಮಾಹಿತಿ ಸಂಗ್ರಹಿಸುವುದು, ಕರಡು ಸಿದ್ಧಪಡಿಸುವುದು ಮುಂತಾಗಿ ಇಂಟರ್ನ್‌ಗಳಿಗೆಂದು ಎತ್ತಿಡುತ್ತಿದ್ದ ಕೆಲಸಗಳೇ ಈ ತಂತ್ರಾಂಶಗಳು ಸಲೀಸಾಗಿ ಮಾಡುವ ಕೆಲಸಗಳು. ಅಮೆರಿಕದ ವೇತನ ದಾಖಲೆಗಳನ್ನು ಆಧರಿಸಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಕ ಬುದ್ಧಿಮತ್ತೆಯ ಪ್ರಭಾವ ಹೆಚ್ಚಿರುವ ವೃತ್ತಿಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಇತರರಿಗೆ ಹೋಲಿಸಿದಾಗ ಶೇ 13ರಷ್ಟು ಕುಗ್ಗಿರುವುದು ಕಂಡುಬಂತು. ಅದೇ ವೃತ್ತಿಗಳಲ್ಲಿನ ಅನುಭವಿಗಳಿಗೆ ಅಂಥ ಪೆಟ್ಟು ಬಿದ್ದಿರಲಿಲ್ಲ. ಇದೊಂದು ದೇಶದ, ಒಂದು ಅವಧಿಯ ಚಿತ್ರ ಎಂಬ ಎಚ್ಚರ ಇರಬೇಕು. ಆದರೂ ಅದು ತೋರಿಸುವ ದಿಕ್ಕನ್ನು ಕಡೆಗಣಿಸಲಾಗದು: ಕೆಳಗಿನ ಮೆಟ್ಟಿಲು ತೆಳುವಾದರೆ ಮೇಲಿನ ಅನುಭವಿಗಳು ನಾಳೆ ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆಗೆ ಸಂಸ್ಥೆಗಳೂ ಉತ್ತರ ಹುಡುಕಬೇಕಾಗಿದೆ.

ಹೀಗಿರುವಾಗ ಮಾಡಿ ತೋರಿಸಿದ ಕೆಲಸದ ತೂಕ ಹೆಚ್ಚುತ್ತದೆ. ತಂತ್ರಾಂಶ ಕ್ಷೇತ್ರದಲ್ಲಿ ಇದಕ್ಕೆ ಹಳೆಯ ದಾರಿಯೊಂದಿದೆ. 2005ರಲ್ಲಿ ಆರಂಭವಾದ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದಲ್ಲಿ ಭಾಗವಹಿಸುವವರು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶ ಯೋಜನೆಗಳಿಗೆ ಮಾರ್ಗದರ್ಶಕರ ಅಡಿಯಲ್ಲಿ ದೂರದಿಂದಲೇ ಕೆಲಸ ಮಾಡಿ ಸ್ಟೈಪೆಂಡ್ ಪಡೆಯುತ್ತಾರೆ. 2022ರಿಂದ ಅದು ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ. ಅಲ್ಲಿ ಆಯ್ಕೆಯಾಗದವರಿಗೂ ಒಂದು ಲಾಭ ಉಂಟು: ಅರ್ಜಿಗೆ ಮುನ್ನ ಯೋಜನೆಯ ದೋಷಗಳನ್ನು ಸರಿಪಡಿಸಿ ಕಳಿಸಿದ ತಿದ್ದುಪಡಿಗಳು ಸಾರ್ವಜನಿಕ ದಾಖಲೆಯಾಗಿ ಉಳಿಯುತ್ತವೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಜಿನೀವಾ ಬಳಿಯ ಕಣ ಭೌತವಿಜ್ಞಾನ ಕೇಂದ್ರವಾದ ಸರ್ನ್ ಪ್ರಯೋಗಾಲಯ 1962ರಿಂದ ನಡೆಸುತ್ತಿರುವ ಬೇಸಿಗೆ ಕಾರ್ಯಕ್ರಮದಂಥವು ಇವೆ, ಆದರೆ ಅಲ್ಲಿ ಪೈಪೋಟಿ ಬಹಳ. ತನ್ನದೇ ಕಾಲೇಜಿನ ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಒಂದು ಚಿಕ್ಕ ಭಾಗವನ್ನು ವಹಿಸಿಕೊಳ್ಳುವುದು ಎಲ್ಲರ ಕೈಗೂ ಎಟುಕುವ ಮೊದಲ ಮೆಟ್ಟಿಲು. ಆಶ್ಚರ್ಯವೆಂದರೆ ಹೆಚ್ಚಿನ ವಿದ್ಯಾರ್ಥಿಗಳು ಅದನ್ನು ಕೇಳುವುದೇ ಇಲ್ಲ. ಇತಿಹಾಸ, ಭಾಷೆ, ಸಮಾಜಶಾಸ್ತ್ರ ಓದುವವರಿಗೂ ಇದು ಅನ್ವಯಿಸುತ್ತದೆ. ಒಂದು ಗ್ರಂಥಾಲಯದ ಹಳೆಯ ಪತ್ರಿಕೆಗಳ ಸೂಚಿ ಮಾಡಿಕೊಟ್ಟವರು, ಒಂದು ಸಂದರ್ಶನ ಮಾಲೆಯನ್ನು ಬರಹಕ್ಕಿಳಿಸಿದವರು, ಪತ್ರಾಗಾರದ ಅಥವಾ ಪ್ರಕಾಶನದ ಬಾಗಿಲಲ್ಲಿ ಬರಿಗೈಯಲ್ಲಿ ನಿಲ್ಲುವುದಿಲ್ಲ.

ಈಗ ಹಣದ ವಿಷಯ. ಹಣವಿಲ್ಲದ ಇಂಟರ್ನ್‌ಶಿಪ್ಪೂ ಅನುಭವವೇ ತಾನೆ, ಸಿಕ್ಕಿದ್ದನ್ನು ಬಿಡಬಾರದು ಎಂಬ ಸಲಹೆ ಎಲ್ಲ ಕಡೆ ಕೇಳುತ್ತದೆ. ಅಮೆರಿಕದ ಕಾಲೇಜುಗಳ ಹಾಗೂ ಉದ್ಯೋಗದಾತರ ರಾಷ್ಟ್ರೀಯ ಸಂಘ 2013ರಲ್ಲಿ ಪದವಿ ಮುಗಿಸುತ್ತಿದ್ದವರನ್ನು ಸಮೀಕ್ಷೆ ಮಾಡಿದಾಗ ಸಿಕ್ಕ ಅಂಕಿಗಳು ಇಲ್ಲಿ ಗಮನಾರ್ಹ: ಸಂಬಳ ಸಹಿತ ಇಂಟರ್ನ್‌ಶಿಪ್ ಮಾಡಿದವರಲ್ಲಿ ಸುಮಾರು ಶೇ 63 ಮಂದಿಗೆ ಕನಿಷ್ಠ ಒಂದು ಉದ್ಯೋಗದ ಆಫರ್ ಬಂದಿತ್ತು, ಸಂಬಳವಿಲ್ಲದೆ ಮಾಡಿದವರಲ್ಲಿ ಅದು ಸುಮಾರು ಶೇ 37, ಇಂಟರ್ನ್‌ಶಿಪ್ಪನ್ನೇ ಮಾಡದವರಲ್ಲಿ ಸುಮಾರು ಶೇ 35. ಕೊನೆಯ ಎರಡರ ನಡುವಿನ ಅಂತರ ಇಲ್ಲವೆನ್ನುವಷ್ಟು ಕಡಿಮೆ. ಹಣ ಕೊಡುವ ಸಂಸ್ಥೆಗಳು ಬೇಡಿಕೆ ಇರುವ ಕ್ಷೇತ್ರಗಳಲ್ಲಿರುತ್ತವೆ, ಮೊದಲೇ ಚುರುಕಾದವರನ್ನು ಆರಿಸಿಕೊಂಡಿರುತ್ತವೆ, ಹಾಗಾಗಿ ಇಡೀ ವ್ಯತ್ಯಾಸಕ್ಕೆ ಹಣವೊಂದೇ ಕಾರಣವೆನ್ನಲಾಗದು. ಆದರೆ ಇನ್ನೊಂದು ಕಾರಣವನ್ನು ನಾನು ಬಲವಾಗಿ ನಂಬುತ್ತೇನೆ. ಹಣ ಕೊಡುವ ಸಂಸ್ಥೆ ಆ ಹಣಕ್ಕೆ ತಕ್ಕ ಕೆಲಸವನ್ನು ಯೋಚಿಸಿ ಇಟ್ಟಿರುತ್ತದೆ, ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿರುತ್ತದೆ. ಏನೂ ಕೊಡದ ಸಂಸ್ಥೆಗೆ ಇಂಟರ್ನ್‌ನ ಸಮಯ ಪೋಲಾದರೆ ತನ್ನದೇನೂ ಹೋಗುವುದಿಲ್ಲ.

ಹಣವಿಲ್ಲದ ಅವಕಾಶಕ್ಕೆ ಯಾರು ಹೋಗಬಲ್ಲರು ಎಂಬುದು ನ್ಯಾಯದ ಪ್ರಶ್ನೆ. 2015ರ ಆಗಸ್ಟ್‌ನಲ್ಲಿ ಜಿನೀವಾದ ವಿಶ್ವಸಂಸ್ಥೆಯ ಕಚೇರಿಯಲ್ಲಿ ಇಂಟರ್ನ್ ಆಗಿದ್ದ 22 ವರ್ಷದ ಯುವಕನೊಬ್ಬ ಬಾಡಿಗೆ ಕೊಡಲಾಗದೆ ಡೇರೆಯಲ್ಲಿ ವಾಸಿಸುತ್ತಿದ್ದಾನೆಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆತ ಕೆಲಸ ಬಿಟ್ಟ. ಮಾನವ ಹಕ್ಕುಗಳ ಮಾತಾಡುವ ಕಟ್ಟಡದ ಬಾಗಿಲಲ್ಲಿ ಇದು ನಡೆದದ್ದು ಅನೇಕರ ಕಣ್ಣು ತೆರೆಸಿತು. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ತನ್ನ ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೊಡಲು ಆರಂಭಿಸಿತು. ಅಮೆರಿಕದ ಶ್ವೇತಭವನ ತನ್ನ ಇಂಟರ್ನ್‌ಗಳಿಗೆ ಹಣ ಕೊಡಲು ತೊಡಗಿದ್ದು 2022ರಲ್ಲಿ. ನೀತಿ ರೂಪಿಸುವ, ಪತ್ರಿಕೆ ನಡೆಸುವ, ಕಲೆಯನ್ನು ಪೋಷಿಸುವ ಸಂಸ್ಥೆಗಳ ಮೊದಲ ಬಾಗಿಲು ಮನೆಯ ದುಡ್ಡಿನಲ್ಲಿ ಮೂರು ತಿಂಗಳು ದೊಡ್ಡ ನಗರದಲ್ಲಿ ಬದುಕಬಲ್ಲವರಿಗಷ್ಟೇ ತೆರೆಯುವುದಾದರೆ, ಮುಂದೆ ಆ ಸಂಸ್ಥೆಗಳು ಯಾರ ಕಣ್ಣಿನಿಂದ ಸಮಾಜವನ್ನು ನೋಡುತ್ತವೆ ಎಂಬುದು ಅಲ್ಲಿಯೇ ನಿರ್ಧಾರವಾಗಿಬಿಡುತ್ತದೆ.

ಕಾನೂನುಗಳು ಈ ವಿಷಯದಲ್ಲಿ ದೇಶದಿಂದ ದೇಶಕ್ಕೆ ಬಹಳ ಬೇರೆಯಾಗಿವೆ. ಫ್ರಾನ್ಸ್‌ನಲ್ಲಿ ವಿದ್ಯಾರ್ಥಿ, ಕಾಲೇಜು, ಸಂಸ್ಥೆ ಮೂವರೂ ಸಹಿ ಮಾಡಿದ ಒಪ್ಪಂದವಿಲ್ಲದೆ ಇಂಟರ್ನ್‌ಶಿಪ್ ನಡೆಯುವಂತಿಲ್ಲ. ಎರಡು ತಿಂಗಳು ಮೀರಿದರೆ ಭತ್ಯೆ ಕಡ್ಡಾಯ, ಒಂದೇ ಸಂಸ್ಥೆಯಲ್ಲಿ ಒಂದು ಶೈಕ್ಷಣಿಕ ವರ್ಷದಲ್ಲಿ ಆರು ತಿಂಗಳು ಮೀರುವಂತಿಲ್ಲ. ಅಮೆರಿಕದಲ್ಲಿ ಸಿನಿಮಾ ನಿರ್ಮಾಣವೊಂದರಲ್ಲಿ ಸಂಬಳವಿಲ್ಲದೆ ದುಡಿದ ಇಂಟರ್ನ್‌ಗಳು 2011ರಲ್ಲಿ ಹೂಡಿದ ಮೊಕದ್ದಮೆ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ, 2015ರಲ್ಲಿ ಹೊಸದೊಂದು ಅಳತೆಗೋಲು ಬಂತು: ಈ ವ್ಯವಸ್ಥೆಯಿಂದ ಮುಖ್ಯವಾಗಿ ಲಾಭ ಪಡೆಯುವವರು ಯಾರು, ವಿದ್ಯಾರ್ಥಿಯೋ ಸಂಸ್ಥೆಯೋ? ಸಂಸ್ಥೆಯಾದರೆ ಆ ವಿದ್ಯಾರ್ಥಿ ನೌಕರನೇ ಸರಿ, ಕನಿಷ್ಠ ವೇತನ ಸಲ್ಲಬೇಕು. 2018ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ಇದನ್ನೇ ಅಂಗೀಕರಿಸಿತು. ನ್ಯಾಯಾಲಯಕ್ಕೆ ಹೋಗದ ವಿದ್ಯಾರ್ಥಿಯೂ ತನಗೆ ಬಂದ ಆಫರ್‌ನ ಮುಂದೆ ಇದೇ ಪ್ರಶ್ನೆಯನ್ನು ಇಟ್ಟುನೋಡಬಹುದು. ಸಂಬಳವಿಲ್ಲದಿರುವುದು ಹಣಕ್ಕಷ್ಟೇ ಸಂಬಂಧಿಸಿದ್ದಲ್ಲ ಎಂಬುದಕ್ಕೆ ಅಲ್ಲಿಯದೇ 1997ರ ಮೊಕದ್ದಮೆಯೊಂದು ನಿದರ್ಶನ: ಆಸ್ಪತ್ರೆಯೊಂದರಲ್ಲಿ ಸಂಬಳವಿಲ್ಲದ ಇಂಟರ್ನ್ ಆಗಿದ್ದ ವಿದ್ಯಾರ್ಥಿನಿ ಲೈಂಗಿಕ ಕಿರುಕುಳದ ದೂರು ಕೊಟ್ಟಾಗ, ಆಕೆ ನೌಕರಳೇ ಅಲ್ಲದ್ದರಿಂದ ನೌಕರರಿಗಿರುವ ಕಾನೂನಿನ ರಕ್ಷಣೆ ಸಿಗದೆಂದು ನ್ಯಾಯಾಲಯ ಹೇಳಿತು. ನ್ಯೂಯಾರ್ಕ್ ರಾಜ್ಯ ಈ ಕೊರತೆಯನ್ನು ಕಾನೂನಿನಿಂದ ತುಂಬಿದ್ದು 2014ರಲ್ಲಿ.

ಪಠ್ಯಕ್ರಮದಲ್ಲಿ ಕಡ್ಡಾಯ ಮಾಡಿದರೆ ಎಲ್ಲರಿಗೂ ಅವಕಾಶ ಸಿಗುತ್ತದೆಂಬ ನಂಬಿಕೆಯನ್ನು ಇಲ್ಲಿ ಪರೀಕ್ಷಿಸಬೇಕು. ಜರ್ಮನಿಯಲ್ಲಿ 2015ರಿಂದ ಕನಿಷ್ಠ ವೇತನ ಕಾಯ್ದೆ ಇದೆ, ಆದರೆ ವಿಶ್ವವಿದ್ಯಾಲಯ ಕಡ್ಡಾಯಪಡಿಸಿದ ಇಂಟರ್ನ್‌ಶಿಪ್‌ಗೆ ಅದು ಅನ್ವಯಿಸುವುದಿಲ್ಲ. ವಿದ್ಯಾರ್ಥಿ ತಾನಾಗಿ ಮಾಡುವ ಇಂಟರ್ನ್‌ಶಿಪ್ ಮೂರು ತಿಂಗಳು ಮೀರಿದರೆ ಅನ್ವಯಿಸುತ್ತದೆ. ಬ್ರಿಟನ್ನಿನಲ್ಲಿಯೂ ಕೋರ್ಸಿನ ಭಾಗವಾಗಿ ಒಂದು ವರ್ಷದವರೆಗೆ ಮಾಡುವ ಕೆಲಸಕ್ಕೆ ಕನಿಷ್ಠ ವೇತನದ ಹಕ್ಕಿಲ್ಲ. ಎಂದರೆ, ಕಡ್ಡಾಯ ಎಂಬ ಮುದ್ರೆ ಬಿದ್ದೊಡನೆ ವಿದ್ಯಾರ್ಥಿ ವೇತನದ ರಕ್ಷಣೆಯಿಂದ ಹೊರಗೆ ಬೀಳಬಹುದು. ಭಾರತದ ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪದವಿ ಚೌಕಟ್ಟಿನಲ್ಲಿ ಇಂಟರ್ನ್‌ಶಿಪ್‌ಗೆ ಕ್ರೆಡಿಟ್‌ಗಳನ್ನು ನಿಗದಿ ಮಾಡಿದೆ, ಆಶಯ ಒಳ್ಳೆಯದೇ. ಆದರೆ ಒಂದು ನಿಯಮ ಲಕ್ಷಾಂತರ ವಿದ್ಯಾರ್ಥಿಗಳನ್ನು ಒಂದೇ ಕಾಲಕ್ಕೆ ಹುಡುಕಲು ಹಚ್ಚಿದಾಗ, ಕಲಿಸಬಲ್ಲ ಸಂಸ್ಥೆಗಳ ಸಂಖ್ಯೆ ಆ ನಿಯಮದ ಜೊತೆ ಹೆಚ್ಚುವುದಿಲ್ಲ. ಆ ಅಂತರವನ್ನು ತುಂಬಲು ಬರುವವರು ಪ್ರಮಾಣಪತ್ರ ಮಾರುವವರು.

ಅಂಥವರ ಕಾರ್ಯವಿಧಾನ ಎಲ್ಲೆಡೆ ಒಂದೇ. ಸಂದರ್ಶನವಿಲ್ಲದೆ ಆಯ್ಕೆಯಾಗಿರುವ ಸಂದೇಶ ಬರುತ್ತದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಒಪ್ಪಿಗೆ ಕೊಡಬೇಕೆಂಬ ಅವಸರ ಇರುತ್ತದೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಮರಳಿಸಲಾಗುವ ಠೇವಣಿ ಎಂಬ ಹೆಸರಿನಲ್ಲಿ ಹಣ ಕೇಳುತ್ತಾರೆ. ಇಮೇಲ್ ವಿಳಾಸ ಹೆಸರಾಂತ ಸಂಸ್ಥೆಯದ್ದರಂತೆಯೇ ಕಂಡರೂ ಒಂದಕ್ಷರ ಬೇರೆಯಿರುತ್ತದೆ. ಕೆಲಸ ಕೊಡುವವರು ಕೆಲಸ ಮಾಡುವವರಿಂದ ಹಣ ಕೇಳಿದ ಕ್ಷಣವೇ ಮಾತು ಮುಗಿಸಬೇಕು, ಇದಕ್ಕೆ ವಿನಾಯಿತಿ ಇಲ್ಲ. ಹಣ ಕೇಳದಿದ್ದರೂ ಇನ್ನೊಂದು ಬಗೆಯ ಮೋಸವುಂಟು: ನೂರಾರು ಜನರನ್ನು ಒಟ್ಟಿಗೆ ‘ಇಂಟರ್ನ್’ ಮಾಡಿಕೊಂಡು, ಸಂಸ್ಥೆಯ ಜಾಹೀರಾತನ್ನು ಅವರವರ ಸಾಮಾಜಿಕ ಜಾಲತಾಣದ ಖಾತೆಗಳಲ್ಲಿ ಹಂಚಿಸಿ, ತಿಂಗಳ ಕೊನೆಗೆ ಒಂದು ಪಿಡಿಎಫ್ ಕೊಡುವುದು. ಅನುಭವಿ ನೇಮಕಾತಿದಾರರು ಇಂಥ ಪ್ರಮಾಣಪತ್ರಗಳನ್ನು ಒಂದೇ ನೋಟಕ್ಕೆ ಗುರುತಿಸುತ್ತಾರೆ, ಆದ್ದರಿಂದ ಅದು ಏನೂ ಇಲ್ಲದಿರುವುದಕ್ಕಿಂತ ಕಡೆ.

ನಿಜವಾದ ಆಫರ್ ಬಂದಾಗಲೂ ಸಂತೋಷದ ಭರದಲ್ಲಿ ಕೇಳದೆ ಬಿಡುವ ಪ್ರಶ್ನೆಗಳಿವೆ. ನನ್ನ ಕೆಲಸವನ್ನು ನೋಡಿ ತಿದ್ದುವವರು ಯಾರು, ಅವರ ಜೊತೆ ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಕೊನೆಯಲ್ಲಿ ನಾನು ಮಾಡಿ ಮುಗಿಸಿರಬೇಕಾದದ್ದು ಏನು? ಅದನ್ನು ಹೊರಗೆ ತೋರಿಸಬಹುದೇ, ಅಥವಾ ಗೌಪ್ಯತೆಯ ಒಪ್ಪಂದವಿದೆಯೇ? ಹಿಂದಿನ ವರ್ಷದ ಇಂಟರ್ನ್‌ಗಳಲ್ಲಿ ಒಬ್ಬರೊಂದಿಗೆ ಮಾತನಾಡಬಹುದೇ? ಪರೀಕ್ಷೆಯ ದಿನಗಳಿಗೆ ರಜೆ ಉಂಟೇ? ಇವುಗಳಿಗೆ ಉತ್ತರವನ್ನು ಇಮೇಲ್‌ನಲ್ಲಿ ಪಡೆಯುವುದು ಒಳ್ಳೆಯದು. ಮೊದಲನೆಯ ಪ್ರಶ್ನೆಗೆ ಹೆಸರು ಹೇಳಲಾಗದ ಸಂಸ್ಥೆಯಲ್ಲಿ ಉಳಿದವು ಸರಿಯಿರುವುದು ಅಪರೂಪ.

ಇಷ್ಟೆಲ್ಲವನ್ನೂ ಪ್ರತಿ ವಿದ್ಯಾರ್ಥಿಯೂ ಪ್ರತಿ ವರ್ಷ ಮೊದಲಿನಿಂದ ತಾನೇ ಕಂಡುಹಿಡಿಯಬೇಕಾಗಿರುವುದು ಎಲ್ಲಕ್ಕಿಂತ ದೊಡ್ಡ ಅಪವ್ಯಯ. ವಾಟರ್ಲೂ ಮಾದರಿಯ ಪೂರ್ಣ ವ್ಯವಸ್ಥೆಗೆ ಸಿಬ್ಬಂದಿ, ಹಣ, ದಶಕಗಳ ಸಂಬಂಧ ಬೇಕು. ಎಲ್ಲ ಕಾಲೇಜುಗಳಿಗೂ ಅದು ಸಾಧ್ಯವಿಲ್ಲ. ಆದರೆ ಒಂದು ಕೆಲಸಕ್ಕೆ ಹಣವೇ ಬೇಡ. ಇಂಟರ್ನ್‌ಶಿಪ್ ಮುಗಿಸಿ ಬಂದ ಪ್ರತಿಯೊಬ್ಬರಿಂದಲೂ ಎರಡು ಪುಟ ಬರೆಸಿಕೊಳ್ಳಬೇಕು: ಯಾರಿಗೆ, ಯಾವ ತಿಂಗಳಲ್ಲಿ ಬರೆದೆ, ಮೊದಲ ವಾರ ಏನು ಮಾಡಿದೆ, ಕೊನೆಯ ವಾರ ಏನು ಮಾಡಿದೆ, ಖರ್ಚು ಎಷ್ಟಾಯಿತು, ಸಿಕ್ಕಿದ್ದು ಎಷ್ಟು, ಕಲಿಸಿದವರು ಇದ್ದರೇ, ಕಿರಿಯರನ್ನು ಅಲ್ಲಿಗೆ ಕಳಿಸಬಹುದೇ. ಈಗ ಕಾಲೇಜುಗಳು ಪಡೆಯುವ ವರದಿಗಳು ಸಂಸ್ಥೆಯ ಇತಿಹಾಸವನ್ನು ಅದರದೇ ಜಾಲತಾಣದಿಂದ ನಕಲು ಮಾಡಿದ, ಅಂಕ ಹಾಕಿದ ಮೇಲೆ ಯಾರೂ ತೆರೆಯದ ಕಡತಗಳು. ಅವುಗಳ ಬದಲು ಈ ಎರಡು ಪುಟಗಳು ವಿಭಾಗದ ಗ್ರಂಥಾಲಯದಲ್ಲಿ ಎಲ್ಲರ ಕೈಗೆ ಸಿಗುವಂತಿದ್ದರೆ, ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಅವನ್ನು ಓದಿ ತನಗೆ ಯಾವ ತಿಂಗಳಲ್ಲಿ ಯಾರಿಗೆ ಪತ್ರ ಬರೆಯಬೇಕೆಂದು ಒಂದು ವರ್ಷ ಮೊದಲೇ ಗುರುತು ಹಾಕಿಕೊಳ್ಳಬಹುದು. ಒಂದೇ ಸಂಸ್ಥೆಯ ವಿರುದ್ಧ ಮೂವರು ಹಿರಿಯರು ದೂರಿದ್ದರೆ, ವಿಭಾಗದ ಮುಖ್ಯಸ್ಥರು ಆ ಸಂಸ್ಥೆಗೆ ಮುಂದಿನ ವರ್ಷ ಒಪ್ಪಿಗೆ ಪತ್ರ ಕೊಡುವುದನ್ನು ನಿಲ್ಲಿಸಬಹುದು.